ತಡವಾಗಿ ಬಂದ ಮಗುವಿಗೂ ಒಂದು ಮೆಟ್ಟಿಲು

ದೊಡ್ಡವರಾದ ನಮಗೆ ಒಂದು ವಾರ ಕಳೆಯುವುದು ತಿಳಿಯುವುದೇ ಇಲ್ಲ. ಆರು ವರ್ಷದ ಮಗುವಿನ ಪಾಲಿಗೆ ಅದು ದೀರ್ಘ ಕಾಲ. ಸೋಮವಾರ ಅಪರಿಚಿತವಾಗಿದ್ದ ಒಂದು ಅಕ್ಷರ ಶನಿವಾರದ ಹೊತ್ತಿಗೆ ಗೆಳೆಯನಾಗಿರುತ್ತದೆ. ಬೆರಳೆಣಿಕೆಯಲ್ಲಿದ್ದ ಲೆಕ್ಕ ಕಡ್ಡಿಗಳ ಕಟ್ಟಿಗೆ ಏರಿರುತ್ತದೆ. ಹೀಗೆ ಆರು ದಿನಗಳಲ್ಲಿ ಮಗುವಿನ ಮನಸ್ಸು ಸಾಗುವ ದೂರ ಸಣ್ಣದಲ್ಲ. ಆದರೆ ಆ ಆರು ದಿನಗಳಲ್ಲಿ ಎರಡು ದಿನ, ಮೂರು ದಿನ ಶಾಲೆಗೆ ಬಾರದೆ ಉಳಿದ ಮಗುವಿನ ಗತಿಯೇನು?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಪ್ರಶ್ನೆ ಹೊಸದಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು ಇನ್ನೂ ಮುಗಿಯದಿರುವಾಗಲೇ ಶಾಲೆಗಳು ಬಾಗಿಲು ತೆರೆಯುತ್ತವೆ. ಕೋಲಾರ, ಮುಳಬಾಗಿಲುಗಳ ಕಡೆ ಟೊಮೆಟೊ ಬಿಡಿಸುವ ದಿನ ಮನೆಯ ಎಲ್ಲರೂ ಹೊಲದಲ್ಲಿರುತ್ತಾರೆ; ಕೈಗೂಸನ್ನು ನೋಡಿಕೊಳ್ಳುವ ಹೊಣೆ ಏಳು ವರ್ಷದ ಅಕ್ಕನ ಮೇಲೆ ಬೀಳುತ್ತದೆ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿಯೂ ಅಷ್ಟೇ. ಮಾಲೂರಿನ ಇಟ್ಟಿಗೆ ಗೂಡುಗಳಿಗೆ ಕೆಲಸ ಅರಸಿ ಬರುವ ಕುಟುಂಬಗಳ ಮಕ್ಕಳಿಗೆ ವರ್ಷದ ನಡುವೆಯೇ ಊರು ಬದಲಾಗುತ್ತದೆ. ಶಾಲೆಯ ಗಂಟೆ ಇವರಿಗಾಗಿ ಕಾಯುವುದಿಲ್ಲ. ತಡವಾಗಿ ಬಂದ ಮಗುವನ್ನು ಶಾಲೆ ಹೇಗೆ ಬರಮಾಡಿಕೊಂಡಿತು ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ನಮ್ಮ ನಾಡಿನ ಪ್ರಾಥಮಿಕ ಶಿಕ್ಷಣದ ಇತಿಹಾಸವನ್ನು ಓದಿದರೆ, ಅದರಲ್ಲಿ ಕಲಿಯಬೇಕಾದುದು ಬಹಳವಿದೆ.

ಕೂಲಿಮಠದ ಮುಂಜಾವು

ಇನ್ನೂರು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ ಇದ್ದವು ಕೂಲಿಮಠಗಳು. ಗುಡಿಯ ಪಡಸಾಲೆಯಲ್ಲೋ ಸಾಹುಕಾರರ ಮನೆಯ ಜಗಲಿಯ ಮೇಲೋ ಐಗಳು ಹತ್ತಾರು ಹುಡುಗರನ್ನು ಕೂಡಿಸಿಕೊಂಡು ಓದು, ಬರಹ, ಲೆಕ್ಕ ಕಲಿಸುತ್ತಿದ್ದರು. ಅಲ್ಲಿ ಈಗಿನಂತೆ ಭಾನುವಾರದ ಬಿಡುವಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯಗಳೇ ರಜೆಯ ದಿನಗಳು. ಚಂದ್ರನ ವೃದ್ಧಿಕ್ಷಯಗಳೇ ಮಕ್ಕಳ ವೇಳಾಪಟ್ಟಿ.

ಇಂಥ ಶಾಲೆಗಳ ವಿವರವಾದ ಚಿತ್ರ ದೊರೆಯುವುದು ಬಳ್ಳಾರಿಯಿಂದ. ಕನ್ನಡ, ತೆಲುಗು ಎರಡೂ ಬೆರೆತಿದ್ದ ಆ ಜಿಲ್ಲೆ ಈ ವಿಷಯದಲ್ಲಿ ನಮ್ಮ ಕೋಲಾರಕ್ಕೆ ಅಕ್ಕನಂತಿತ್ತು. ಮದರಾಸು ಗವರ್ನರ್ ಸರ್ ಥಾಮಸ್ ಮನ್ರೋ 1822ರಲ್ಲಿ ದೇಶೀಯ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಕಲಿಯುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಒಂಬತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ಜಿಲ್ಲೆಯಲ್ಲಿ ಇದು ಎಷ್ಟು ಅಲ್ಪವೆಂಬುದನ್ನು ವಿವರಿಸಬೇಕಿಲ್ಲ. ಬಡತನದಿಂದಾಗಿ ಮಕ್ಕಳನ್ನು ಓದಿಸಲಾಗದ ಸ್ಥಿತಿಗೆ ಜನ ಇಳಿದಿದ್ದಾರೆಂದೂ ಆತ ಮರೆಮಾಚದೆ ಬರೆದಿದ್ದಾನೆ.

ಕ್ಯಾಂಪ್‌ಬೆಲ್ ದಾಖಲಿಸಿದ ಒಂದು ಪದ್ಧತಿ ನಮ್ಮ ಮನಸ್ಸನ್ನು ತಡೆದು ನಿಲ್ಲಿಸುತ್ತದೆ. ಬೆಳಗಿನ ಆರರ ಸುಮಾರಿಗೆ ಶಾಲೆ ಆರಂಭ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲ್ಲನೆಯ ಏಟು. ನಾಲ್ಕನೆಯವನಿಗೆ ಎರಡು. ಹೀಗೆ ಹಿಂದೆ ಬಂದಷ್ಟೂ ಏಟು ಏರುತ್ತಿತ್ತು. ಮುಂಜಾನೆ ದನ ಬಿಟ್ಟು, ನೀರು ಸೇದಿ, ಮನೆಗೆಲಸ ಮುಗಿಸಿ ಓಡಿಬಂದ ಬಡ ಹುಡುಗನೇ ಹೆಚ್ಚಿನ ದಿನ ಕೊನೆಯವನಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಶಿಸ್ತಿನ ಹೆಸರಿನಲ್ಲಿ ಬಡತನಕ್ಕೇ ಏಟು ಬೀಳುತ್ತಿತ್ತು. ಇನ್ನು ಅಸ್ಪೃಶ್ಯರೆಂದು ದೂರವಿಟ್ಟ ಜನರ ಮಕ್ಕಳು ಆ ಏಟು ತಿನ್ನುವಷ್ಟು ಹತ್ತಿರಕ್ಕೂ ಬರುವಂತಿರಲಿಲ್ಲ.

ಆದರೂ ಕೂಲಿಮಠದಲ್ಲಿ ಒಂದು ದೊಡ್ಡ ಗುಣವಿತ್ತು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುತ್ತಿದ್ದರು. ಮುಂದೆ ಸಾಗಿದ ಹುಡುಗರು ಹಿಂದಿದ್ದವರಿಗೆ ಕಲಿಸುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದುದು ಯೋಗ್ಯವೇ ಆಗಿದೆಯೆಂಬ ಅಭಿಪ್ರಾಯ ಕೊಟ್ಟ.

ಅವನ ಮಾತಿನ ಹಿಂದೆ ಒಬ್ಬ ಪಾದ್ರಿಯ ಕಥೆಯಿದೆ. ಸೈನ್ಯದ ಧರ್ಮಗುರುವಾಗಿದ್ದ ಆಂಡ್ರ್ಯೂ ಬೆಲ್ 1789ರಲ್ಲಿ ಮದರಾಸಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಣೆ ವಹಿಸಿಕೊಂಡರು. ಸ್ಥಳೀಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತಮ್ಮ ಶಾಲೆಯಲ್ಲೂ ಅದನ್ನು ತರಲು ಯತ್ನಿಸಿದರು. ಉಪಾಧ್ಯಾಯರು ಒಪ್ಪದಿದ್ದಾಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಎಂಬ ಹುಡುಗನಿಗೇ ಕಿರಿಯರಿಗೆ ಕಲಿಸುವ ಕೆಲಸ ಒಪ್ಪಿಸಿದರು. ಅದು ಫಲಿಸಿತು. 1797ರಲ್ಲಿ ಬೆಲ್ ಅವರು ಲಂಡನ್ನಿನಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಿಂದ ಈ ಪದ್ಧತಿ ‘ಮದರಾಸು ಕ್ರಮ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ದಕ್ಷಿಣ ಭಾರತದ ಜಗಲಿಯ ಮೇಲಿನ ಮರಳು ಹೀಗೆ ಕಡಲು ದಾಟಿತು.

ಬಾರದವರ ಮನೆಗೆ ಹೋದವರು

ಶಾಲೆಗೆ ಬಾರದ ಮಗುವಿನ ಚಿಂತೆ ಧರ್ಮಸಭೆಯೊಳಗೆ ಇದಕ್ಕೂ ಹಿಂದೆಯೇ ಮೂಡಿತ್ತು. ಫ್ರಾನ್ಸಿನ ರೀಮ್ಸ್ ನಗರದಲ್ಲಿ 1651ರಲ್ಲಿ ಜನಿಸಿದ ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಸಾಲ್ ಅವರು ಬಡವರ ಮಕ್ಕಳಿಗೆ ಲ್ಯಾಟಿನ್ ಬದಲು ತಾಯ್ನುಡಿಯಲ್ಲಿ ಓದು ಕಲಿಸಿದರು. ಒಂದೇ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವ ತರಗತಿ ಪದ್ಧತಿಯನ್ನು ಬೆಳೆಸಿದವರಲ್ಲಿ ಅವರು ಪ್ರಮುಖರು. ಅವರ ಸಹೋದರರ ಶಾಲೆಗಳಿಗಾಗಿ ರಚಿತವಾದ ಕೈಪಿಡಿಯಲ್ಲಿ ಗೈರುಹಾಜರಿಯ ವಿಷಯಕ್ಕೆ ಪ್ರತ್ಯೇಕ ಸ್ಥಾನವಿದೆ. ಮಗು ಏಕೆ ಬರಲಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕಾಗಿ ಕೆಲವು ವಿದ್ಯಾರ್ಥಿಗಳನ್ನೇ ನೇಮಿಸಿ, ತಮ್ಮ ತಮ್ಮ ಬೀದಿಯ ಗೈರುಹಾಜರಾದವರ ಮನೆಗೆ ಹೋಗಿ ವಿಚಾರಿಸಿ ಬರುವಂತೆ ಮಾಡಬೇಕು ಎಂಬುದು ಅಲ್ಲಿನ ಕ್ರಮ. 1950ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ಈ ಸಂತರನ್ನು ಶಿಕ್ಷಕರ ಪಾಲಕರೆಂದು ಘೋಷಿಸಿದುದು ಅರ್ಥಪೂರ್ಣವಾಗಿದೆ.

ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ 1780ರಲ್ಲಿ ರಾಬರ್ಟ್ ರೇಕ್ಸ್ ಆರಂಭಿಸಿದ ಭಾನುವಾರದ ಶಾಲೆಯ ಹಿಂದೆಯೂ ಇದೇ ಕಳಕಳಿಯಿತ್ತು. ಆರು ದಿನ ದುಡಿಯುವ ಮಗುವಿಗೆ ಉಳಿದಿರುವುದು ಏಳನೆಯ ದಿನ ಮಾತ್ರ. ಹಾಗಿದ್ದರೆ ಆ ದಿನವೇ ಓದು ಕಲಿಸೋಣ ಎಂಬುದು ಅಂದಿನ ತೀರ್ಮಾನ. ಮಗು ಶಾಲೆಯ ವಾರಕ್ಕೆ ಹೊಂದಿಕೊಳ್ಳಲಾಗದಿದ್ದಾಗ ಶಾಲೆಯೇ ಮಗುವಿನ ವಾರಕ್ಕೆ ಹೊಂದಿಕೊಂಡಿತು.

ಹೋಬಳಿಗೊಂದು ಶಾಲೆ

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ಸಾರ್ವಜನಿಕ ಶಿಕ್ಷಣ ಇಲಾಖೆ ರೂಪುಗೊಂಡಿತು. ಅದು ಹಳ್ಳಿಯವರೆಗೆ ಇಳಿದದ್ದು ಬಿ. ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆಯಿಂದ, ವರ್ಷ 1868. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಪಾದ್ರಿಯ ಮಗನಾಗಿ 1837ರಲ್ಲಿ ಹುಟ್ಟಿದ ರೈಸ್ ಅವರನ್ನು ನಾವು ಶಾಸನಗಳ ಮಹಾಪಂಡಿತರೆಂದು ಬಲ್ಲೆವು. ಕೋಲಾರ ಜಿಲ್ಲೆಯ ಶಾಸನಗಳನ್ನು ಅವರು 1905ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ ಹೊರತಂದರು. ಕಲ್ಲಿನ ಮೇಲಿನ ಅಕ್ಷರಗಳನ್ನು ಓದಿದ ಈ ಮಹನೀಯರು ಅದಕ್ಕೂ ಮೊದಲು ಹಳ್ಳಿಯ ಮಕ್ಕಳ ಹಲಗೆಯ ಮೇಲೆ ಅಕ್ಷರ ಮೂಡಿಸಲು ದುಡಿದರೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಸರ್ಕಾರಿ ಶಾಲೆಯ ಜೊತೆಗೇ ಭಾನುವಾರದ ರಜೆಯ ವಾರವೂ ಹಳ್ಳಿಗೆ ಬಂದಿತು. ತಿಥಿಯ ಲೆಕ್ಕ ಹಿಂದೆ ಸರಿದು ವಾರದ ಲೆಕ್ಕ ನೆಲೆಗೊಂಡಿತು. ನಮ್ಮ ಮಕ್ಕಳು ಇಂದು ಸಹಜವೆಂದು ತಿಳಿದಿರುವ ಶಾಲೆಯ ವಾರಕ್ಕೆ ಹಳ್ಳಿಗಳಲ್ಲಿ ಇರುವ ವಯಸ್ಸು ಸುಮಾರು ನೂರೈವತ್ತು ವರ್ಷ ಮಾತ್ರ.

ಅದೇ ಕಾಲದಲ್ಲಿ ಕೋಲಾರದ ನೆಲಕ್ಕೆ ಮಹಾಕ್ಷಾಮ ಬಡಿಯಿತು. 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ಆ ಬರದ ಭೀಕರತೆಯನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ: 1871ರಲ್ಲಿ ಐವತ್ತು ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಸುಮಾರು ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಕೋಲಾರದಲ್ಲಿ ನೆಲೆಸಿದ್ದ ಮಿಸ್ ಆನ್‌ಸ್ಟೀ ಎಂಬ ಮಿಷನರಿ ಮಹಿಳೆ ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಒಟ್ಟುಗೂಡಿಸಿ ಸಾಕಿ, ಓದು ಮತ್ತು ಕಸುಬು ಕಲಿಸಿದರು. 1890ರಲ್ಲಿ ಆ ಸೇವೆ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನ ಕೈಗೆ ಹೋಯಿತು. ಮಿಷನ್ ಶಾಲೆಗಳ ಉದ್ದೇಶದ ಬಗೆಗೆ ಚರ್ಚೆಗಳಿವೆ. ಧರ್ಮಪ್ರಸಾರದ ಆಶಯ ಅವುಗಳಿಗಿತ್ತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕೂಲಿಮಠದ ಜಗಲಿ ಏರಲಾಗದಿದ್ದವರ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ, ಯಾರೂ ಇಲ್ಲದವರಿಗೂ ಅಲ್ಲಿ ಕೂರಲು ಜಾಗ ಸಿಕ್ಕಿತೆಂಬುದೂ ಇತಿಹಾಸವೇ.

ಇದೇ ಜಿಲ್ಲೆಗೆ ಆಗ ಸೇರಿದ್ದ ಮುದ್ದೇನಹಳ್ಳಿಯವರಾದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ಶಾಸನ ಜಾರಿಗೆ ಬಂದು ಆಯ್ದ ಕೆಲವೆಡೆ ಶಿಕ್ಷಣ ಕಡ್ಡಾಯವಾಯಿತು. ಶಾಲೆಗಳು ಹೆಚ್ಚಿದವು. ಆದರೆ ಶಾಲೆಯ ಒಳಗೆ ಒಂದು ಸಮಸ್ಯೆ ಹಾಗೆಯೇ ಉಳಿಯಿತು. ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಸೋಮವಾರ ಕಲಿತದ್ದರ ಮೇಲೆ ಮಂಗಳವಾರದ ಪಾಠ ನಿಲ್ಲುತ್ತದೆ. ಮೂರು ದಿನ ಬಾರದ ಮಗು ನಾಲ್ಕನೆಯ ದಿನ ಬಂದಾಗ ಹಲಗೆಯ ಮೇಲಿನದು ಅದಕ್ಕೆ ಅರ್ಥವಾಗದು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತು, ವರ್ಷದ ಕೊನೆಗೆ ನಪಾಸಾಗಿ, ಒಂದು ದಿನ ಶಾಲೆಯನ್ನೇ ಬಿಡುತ್ತದೆ. ಅಂಗೈಗೆ ಏಟು ಬೀಳದಿದ್ದರೂ ಫಲ ಮಾತ್ರ ಅದೇ.

ಏಣಿ ಎಂಬ ಉಪಾಯ

ಇದಕ್ಕೊಂದು ಉತ್ತರ ನಮ್ಮ ಗಡಿಯಾಚೆಯೇ ರೂಪುಗೊಳ್ಳುತ್ತಿತ್ತು. ಶ್ರೀನಿವಾಸಪುರದ ಎಲ್ಲೆ ದಾಟಿದರೆ ಆಂಧ್ರದ ಮದನಪಲ್ಲಿ. ಅದರ ಸಮೀಪದಲ್ಲಿ ಜಿಡ್ಡು ಕೃಷ್ಣಮೂರ್ತಿಯವರ ರಿಷಿ ವ್ಯಾಲಿ ಶಾಲೆ. ಅಲ್ಲಿನ ಗ್ರಾಮೀಣ ಶಿಕ್ಷಣ ಕೇಂದ್ರದಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಹೊಸ ಕ್ರಮವೊಂದನ್ನು ರೂಪಿಸಿದರು. ಪಠ್ಯಪುಸ್ತಕವನ್ನು ಬಿಡಿಸಿ ಸಣ್ಣ ಸಣ್ಣ ಕಾರ್ಡುಗಳನ್ನಾಗಿ ಮಾಡುವುದು. ಆ ಕಾರ್ಡುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸುವುದು. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ತನ್ನ ವೇಗದಲ್ಲಿ ಏರುವುದು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಅಲ್ಲಿಗೆ ಹೋಗಿ ನೋಡಿ ಬಂದು, ಕನ್ನಡ ಮಕ್ಕಳಿಗೆ ತಕ್ಕಂತೆ ತಾವೇ ಕಾರ್ಡುಗಳನ್ನು ಬರೆದರು. ಅದೇ ನಲಿ-ಕಲಿ. ಇದು ಮೇಲಿನಿಂದ ಇಳಿದು ಬಂದ ಆಜ್ಞೆಯಲ್ಲ, ಹಳ್ಳಿಯ ಶಿಕ್ಷಕರ ಕೈಬರಹದಿಂದ ಹುಟ್ಟಿದ್ದು ಎಂಬುದನ್ನು ಮರೆಯಬಾರದು. ಆಗಲೇ ಕರ್ನಾಟಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ಆರಂಭವಾಗಿತ್ತು. ಅದರ ಮೊದಲ ಹಂತದ ನಾಲ್ಕು ಜಿಲ್ಲೆಗಳು ಬೆಳಗಾವಿ, ಮಂಡ್ಯ, ರಾಯಚೂರು ಮತ್ತು ಕೋಲಾರ. ಮುಂದೆ 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ವಿಸ್ತರಿಸಿತು.

ನಲಿ-ಕಲಿ ಕೊಠಡಿಯ ಒಂದು ವಾರವನ್ನು ಮನಸ್ಸಿನ ಮುಂದೆ ತಂದುಕೊಳ್ಳೋಣ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪು ಗುಂಪಾಗಿ ಕುಳಿತಿರುತ್ತಾರೆ. ತಲೆಯ ಮೇಲೆ ಹಗ್ಗದ ಚಪ್ಪರ. ಅದರಲ್ಲಿ ಮಕ್ಕಳ ಚಿತ್ರ, ಬರಹಗಳು ತೂಗುತ್ತವೆ. ಗೋಡೆಯ ತಳದಲ್ಲಿ, ಪುಟ್ಟ ಕೈಗೆ ಎಟುಕುವಷ್ಟು ಎತ್ತರದಲ್ಲಿ, ಅವರದೇ ಕಪ್ಪು ಹಲಗೆ. ದಿನದ ಆರಂಭಕ್ಕೆ ಹಾಡು. ಬಿಸಿಲೋ ಮೋಡವೋ ಮಳೆಯೋ ಎಂದು ಹವಾಮಾನದ ಪಟ್ಟಿಯಲ್ಲಿ ಗುರುತು. ಆಮೇಲೆ ಪ್ರತಿ ಮಗು ಗೋಡೆಯ ಮೇಲಿನ ಏಣಿಯಲ್ಲಿ ತನ್ನ ಮೆಟ್ಟಿಲನ್ನು ಹುಡುಕಿ, ಅಲ್ಲಿರುವ ಚಿತ್ರದ ಗುರುತನ್ನು ನೋಡಿ, ಅದೇ ಗುರುತಿನ ಕಾರ್ಡನ್ನು ಎತ್ತಿಕೊಂಡು ಅದು ಹೇಳುವ ಗುಂಪಿಗೆ ಹೋಗುತ್ತದೆ. ಗುಂಪುಗಳು ಐದು. ಒಂದರಲ್ಲಿ ಶಿಕ್ಷಕರ ಪೂರ್ಣ ನೆರವು, ಇನ್ನೊಂದರಲ್ಲಿ ಭಾಗಶಃ ನೆರವು. ಎರಡರಲ್ಲಿ ಸಹಪಾಠಿಗಳ ನೆರವು. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಕೂಲಿಮಠದ ಹಿರಿಯ ಹುಡುಗ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಾನೆ, ಆದರೆ ಅವನ ಪಕ್ಕದಲ್ಲಿ ಬೆತ್ತವಿಲ್ಲ.

ಅಕ್ಷರಗಳ ಕ್ರಮವೂ ಬೇರೆ. ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂದು ಆರಂಭ. ಈ ಐದು ಅಕ್ಷರ ತಿಳಿದರೆ ಸಾಕು. ಸರ, ದರ, ಅರಸ, ಅಗಸ ಎಂಬ ಪದಗಳನ್ನು ಮಗು ತಾನೇ ಓದಬಲ್ಲದು. ವರ್ಣಮಾಲೆ ಮುಗಿಯುವವರೆಗೆ ಕಾಯದೆ ಮೊದಲ ವಾರಗಳಲ್ಲೇ ಓದಿನ ಸಂತೋಷ ದೊರೆಯುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಮಂಗಳವಾರ, ಬುಧವಾರ ಟೊಮೆಟೊ ತೋಟದ ಬದುವಿನಲ್ಲಿ ತಮ್ಮನನ್ನು ಆಡಿಸುತ್ತಿದ್ದ ಹುಡುಗಿ ಗುರುವಾರ ಶಾಲೆಗೆ ಬರುತ್ತಾಳೆ. ಅವಳ ಮೆಟ್ಟಿಲು ಸೋಮವಾರ ಬಿಟ್ಟ ಸ್ಥಳದಲ್ಲೇ ಇದೆ. ಕಾರ್ಡು ಅವಳಿಗಾಗಿ ಕಾದಿದೆ. ಬೇರೆಯವರು ಮುಂದೆ ಹೋಗಿರಬಹುದು. ಅವಳು ಏನನ್ನೂ ಹಾರಿಸಬೇಕಾಗಿಲ್ಲ. ಮೈಲಿಗಲ್ಲು ತಲುಪಿದಾಗ ಪ್ರಗತಿ ನೋಟದಲ್ಲಿ ಗುರುತು ಬೀಳುತ್ತದೆ. ಪಾಸು, ನಪಾಸು ಎಂಬ ಮಾತಿಲ್ಲ. ಶಾಲೆಯ ಇತಿಹಾಸದಲ್ಲಿ ಇದು ಸಣ್ಣ ಸಂಗತಿಯಲ್ಲ.

ಗಡಿನಾಡಿನ ನಾಲಗೆ

ನಮ್ಮ ತಾಲ್ಲೂಕುಗಳಲ್ಲಿ ತಡವಾಗಿ ಬರುವುದಕ್ಕೆ ಇನ್ನೊಂದು ಅರ್ಥವೂ ಉಂಟು. ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳ ಮಾತು ತೆಲುಗು. ಮಾಲೂರಿನ ದಕ್ಷಿಣದ ಅಂಚಿನಲ್ಲಿ ತಮಿಳು. ಊರೂರಿನಲ್ಲೂ ಉರ್ದು ಮನೆಗಳಿವೆ. ಈ ಮಕ್ಕಳು ಶಾಲೆಯ ಭಾಷೆಗೇ ತಡವಾಗಿ ಬಂದವರು. ಆದರೆ ಅವರು ಬರಿಗೈಯಲ್ಲಿ ಬಂದವರಲ್ಲ. ಮನೆಯಲ್ಲಿ ‘ಪಾಲು’ ಎಂದು ಕುಡಿದದ್ದೇ ಶಾಲೆಯಲ್ಲಿ ‘ಹಾಲು’. ಮನೆಯ ಕಥೆಯ ‘ಪುಲಿ’ಯೇ ಪುಸ್ತಕದ ‘ಹುಲಿ’. ಇದನ್ನು ಬಲ್ಲ ಶಿಕ್ಷಕಿ ಮಗುವಿನ ಮನೆಮಾತನ್ನು ತಪ್ಪೆನ್ನದೆ ಅದನ್ನೇ ಸೇತುವೆಯಾಗಿಸುತ್ತಾಳೆ. ಅಕ್ಷರಕ್ಕೆ ಮುಂಚೆ ಹಾಡು, ಮಾತು, ಆಟಗಳಿಗೆ ಸಮಯ ಕೊಡುವ ಕ್ರಮ ಇಂಥ ಮಕ್ಕಳಿಗೆ ಬಹಳ ಅಗತ್ಯ. ತಮಿಳು ಮನೆಮಾತಿನ ಕುಟುಂಬದಲ್ಲಿ, ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರು ಕನ್ನಡ ಸಣ್ಣಕಥೆಗೆ ತಂದೆಯಂತಾಗಿ, 1983ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದರು ಎಂಬುದನ್ನು ನೆನೆದರೆ, ಗಡಿನಾಡಿನ ಮಗುವಿನ ಎರಡು ನಾಲಗೆ ಶಾಪವಲ್ಲ, ವರವೆಂಬುದು ಮನದಟ್ಟಾಗುತ್ತದೆ.

ಏಣಿ ಮಾತ್ರ ಸಾಲದು

ಹಾಗೆಂದು ನಲಿ-ಕಲಿಯೇ ಎಲ್ಲಕ್ಕೂ ಮದ್ದೆಂದು ಹೇಳಲಾಗದು. ಒಬ್ಬರೇ ಶಿಕ್ಷಕರು ಐದು ಗುಂಪುಗಳನ್ನೂ ನೋಡುತ್ತ, ದಾಖಲೆಗಳನ್ನೂ ಬರೆಯುತ್ತ ಬಳಲುವುದುಂಟು. ಕಾರ್ಡುಗಳು ಹರಿದು, ಏಣಿ ಗೋಡೆಯ ಅಲಂಕಾರವಾಗಿ ಮಾತ್ರ ಉಳಿದಿರುವುದೂ ಉಂಟು. “ಬರೀ ಆಡಿಸುತ್ತಾರೆ, ಪಾಠ ಮಾಡುವುದಿಲ್ಲ” ಎಂದು ಹೆತ್ತವರು ಬೇಸರಪಟ್ಟು ಮಕ್ಕಳನ್ನು ಆಂಗ್ಲ ಮಾಧ್ಯಮದ ಖಾಸಗಿ ಶಾಲೆಗೆ ಕಳುಹಿಸಿದ್ದಾರೆ. ತನ್ನ ವೇಗದಲ್ಲಿ ಕಲಿಯಲಿ ಎಂಬ ಮಾತು ನಿಧಾನದ ಮಗುವನ್ನು ಕಡೆಗಣಿಸುವ ನೆಪವಾಗುವ ಅಪಾಯವೂ ಇದೆ. ಕಾರ್ಡು ಕಾಯಬಲ್ಲದು, ಆದರೆ ಕೈಹಿಡಿದು ಮೆಟ್ಟಿಲು ಹತ್ತಿಸುವುದಕ್ಕೆ ಮನುಷ್ಯರೇ ಬೇಕು.

ಕಾನೂನು ಕೂಡ ಇಂದು ತಡವಾಗಿ ಬಂದ ಮಗುವಿನ ಪರವಾಗಿದೆ. 2009ರಲ್ಲಿ ಅಂಗೀಕಾರಗೊಂಡು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಶಾಲೆಯ ಮುಖವನ್ನೇ ಕಾಣದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಸರಿಸಮವಾಗಲು ವಿಶೇಷ ತರಬೇತಿ ಕೊಡಬೇಕು. ಮಗುವಿಗೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ಅದೇ ಕಾಯಿದೆ ನಿಷೇಧಿಸಿದೆ. 1823ರ ಆ ಏರುವ ಏಟುಗಳಿಗೆ ಶಾಸನದ ಉತ್ತರ ದೊರೆಯಲು ಸುಮಾರು ಎರಡು ಶತಮಾನಗಳೇ ಹಿಡಿದವು.

ಕೋವಿಡ್ ಕಾಲದಲ್ಲಿ ನಾವೆಲ್ಲರೂ ಒಂದು ಪಾಠ ಕಲಿತೆವು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಆಗ ತಡವಾಗಿ ಬಂದವರೇ. 2022-23ನೇ ಸಾಲನ್ನು ಸರ್ಕಾರ ‘ಕಲಿಕಾ ಚೇತರಿಕೆ’ಯ ವರ್ಷವೆಂದು ಆಚರಿಸಿ, ಮಕ್ಕಳು ನಿಂತಿದ್ದ ಸ್ಥಳದಿಂದಲೇ ಪಾಠ ಆರಂಭಿಸಬೇಕಾಯಿತು. ಒಂದು ಹಳ್ಳಿಯ ಒಂದು ಮಗುವಿಗೆ ಬೇಕಾಗಿದ್ದ ಕನಿಕರ ಅಂದು ಇಡೀ ನಾಡಿಗೇ ಬೇಕಾಯಿತು.

ದ್ರಾಕ್ಷಿತೋಟದ ಯಜಮಾನ

ಪ್ರಿಯ ಓದುಗರೇ, ಸಂತ ಮತ್ತಾಯನ ಶುಭಸಂದೇಶದ ಇಪ್ಪತ್ತನೆಯ ಅಧ್ಯಾಯದ ಸಾಮತಿಯನ್ನು ನಾವು ಪೂಜೆಯಲ್ಲಿ ಅನೇಕ ಸಲ ಆಲಿಸಿದ್ದೇವೆ. ದ್ರಾಕ್ಷಿತೋಟದ ಯಜಮಾನ ಮುಂಜಾನೆ ಬಂದವರಿಗೂ ಸಂಜೆಗೆ ಬಂದವರಿಗೂ ಒಂದೇ ಕೂಲಿ ಕೊಡುತ್ತಾನೆ. ಮುಂಚೆ ಬಂದವರು ಗೊಣಗುತ್ತಾರೆ. ನಮಗೂ ಒಳಗೊಳಗೇ ಅವರ ಗೊಣಗಾಟ ನ್ಯಾಯವೆನಿಸುತ್ತದೆ. ಆದರೆ ಸಂಜೆಯವರೆಗೂ ಪೇಟೆಯಲ್ಲಿ ನಿಂತಿದ್ದವರು ಸೋಮಾರಿಗಳಲ್ಲ. ಅವರನ್ನು ಯಾರೂ ಕೂಲಿಗೆ ಕರೆದಿರಲಿಲ್ಲ. ಯಜಮಾನ ಮಾತ್ರ ಮತ್ತೆ ಮತ್ತೆ ಹೊರಗೆ ಹೋಗಿ ಹುಡುಕಿದ. ಸಾಮತಿಯ ಸಾರ ಕೂಲಿಯ ಲೆಕ್ಕದಲ್ಲಷ್ಟೇ ಅಲ್ಲ, ಆ ಹುಡುಕಾಟದಲ್ಲೂ ಇದೆ.

ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಈ ಹುಡುಕಾಟದಲ್ಲಿ ಪಾಲುಗೊಳ್ಳಬಹುದು. ಮಗು ಶಾಲೆಯಿಂದ ಬಂದೊಡನೆ ಎಷ್ಟನೆಯ ಸ್ಥಾನ ಎಂದು ಕೇಳುವ ಬದಲು, ಇಂದು ಯಾರು ಬಂದಿರಲಿಲ್ಲ ಎಂದು ಕೇಳೋಣ. ಬೀದಿಯ ಕೊನೆಯ ಮನೆಯ ಮಗು ಮೂರು ದಿನ ಕಾಣದಿದ್ದರೆ, ಲಸಾಲರ ಶಾಲೆಯ ಆ ಪುಟ್ಟ ವಿದ್ಯಾರ್ಥಿಗಳಂತೆ, ಹೋಗಿ ವಿಚಾರಿಸೋಣ. ಕೊಯ್ಲಿನ ದಿನಗಳಲ್ಲಿ ಕೈಗೂಸನ್ನು ಅರ್ಧ ದಿನ ನೋಡಿಕೊಳ್ಳಲು ನೆರೆಯ ಅಜ್ಜಿಯೊಬ್ಬರು ಮುಂದಾದರೆ ಅಕ್ಕನಿಗೆ ಶಾಲೆಯ ಬಾಗಿಲು ತೆರೆಯುತ್ತದೆ. ನಮ್ಮ ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿಯೂ ಜಪ ಬಾರದೆ ಹಿಂದೆ ನಿಂತ ಮಗುವನ್ನು ನಾಚಿಸದೆ, ಅದು ಬಲ್ಲ ಜಪದಿಂದಲೇ ಆರಂಭಿಸೋಣ.

ಶನಿವಾರದ ಬೆಳಗಿನ ಶಾಲೆ ಬಿಟ್ಟಾಗ ಮಕ್ಕಳೆಲ್ಲ ಒಟ್ಟಾಗಿ ಓಡುತ್ತಾರೆ. ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆಂಬುದು ಆ ಓಟದಲ್ಲಿ ತಿಳಿಯುವುದಿಲ್ಲ. ಸೋಮವಾರ ಅವರೆಲ್ಲರೂ ಮರಳಿ ಬರುವಂತೆ ನೋಡಿಕೊಳ್ಳುವುದು ದೊಡ್ಡವರ ಹೊಣೆ.